ಗಂಗೋತ್ರಿಯ ನೆರೆಹೊರೆ

ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಮನೋವಿಜ್ಞಾನ ವಿಭಾಗಕ್ಕೆ ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಸೇರಿದ್ದು 1991ರಲ್ಲಿ. 1990ರ ದಶಕವನ್ನು ‘ಮಿದುಳಿನ ದಶಕ’ವೆಂದು ಅಮೆರಿಕದ ಅಧ್ಯಕ್ಷರು ಘೋಷಿಸಿ ಆಗ ಒಂದು ವರ್ಷವಾಗಿತ್ತು, ಮಿದುಳಿನ ಯಾವ ಭಾಗ ಚುರುಕಾಗಿದೆ ಎಂಬುದನ್ನು ರಕ್ತದಲ್ಲಿನ ಆಮ್ಲಜನಕದ ಏರಿಳಿತದಿಂದ ಗುರುತಿಸುವ ಎಂ.ಆರ್.ಐ. ವಿಧಾನ ಆಗತಾನೇ ರೂಪುಗೊಳ್ಳುತ್ತಿತ್ತು. ನಮ್ಮ ಪ್ರಯೋಗಾಲಯದಲ್ಲಿದ್ದದ್ದು ಸ್ಟಾಪ್‌ವಾಚ್, ನೆನಪಿನ ಪರೀಕ್ಷೆಗೆ ಪದಗಳನ್ನು ಒಂದೊಂದಾಗಿ ತೋರಿಸುವ ಮೆಮೊರಿ ಡ್ರಮ್, ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲು ಓಡಿಸುವ ಹಲಗೆ. ಆದರೂ ಮಿದುಳು ಮತ್ತು ಮನಸ್ಸಿನ ಅಧ್ಯಯನ ಒಂದೇ ವಿಭಾಗದ ಸ್ವತ್ತಲ್ಲ ಎಂಬುದನ್ನು ಕಲಿಯಲು ಅಷ್ಟು ಅನುಕೂಲವಾದ ಇನ್ನೊಂದು ಜಾಗವನ್ನು ನಾನು ಆಮೇಲೆ ಕಂಡಿಲ್ಲ.

ಅದಕ್ಕೆ ಕಾರಣ ಯಾರೋ ರೂಪಿಸಿದ ಯೋಜನೆಯಲ್ಲ, ನೆರೆಹೊರೆ. ಮನೋವಿಜ್ಞಾನ ಇಲ್ಲಿ ಹಳೆಯದು. ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಸಂಶೋಧನೆ ನಡೆಸಿ ಬಂದ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ವಿಭಾಗ ಆರಂಭವಾಗಿತ್ತು. (1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದವರೂ ಇವರೇ; ಮನಸ್ಸನ್ನು ಅಳೆಯಲು ಹೊರಟವರಿಗೆ ಧ್ವನಿಯ ಮೇಲೆ ಇಷ್ಟು ಮೋಹವಿದ್ದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ.) ಮುಂದೆ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನವೂ ಇದೇ ಮೈಸೂರಿನಲ್ಲಿ ಹುಟ್ಟಿದವು. ನಮ್ಮ ಕಾಲಕ್ಕೆ ಇವೆರಡೂ ಗಂಗೋತ್ರಿಯ ಆಸುಪಾಸಿನಲ್ಲಿಯೇ ಇದ್ದುದರಿಂದ, ಒಂದು ಕಡೆ ಉಪನ್ಯಾಸ ಮುಗಿಸಿ ಮತ್ತೊಂದು ಕಡೆಗೆ ನಡೆದೇ ಹೋಗಬಹುದಾಗಿತ್ತು. ನಮ್ಮ ಮೇಷ್ಟ್ರೊಬ್ಬರು ‘ಇಲ್ಲಿ ಕೂತರೆ ಮನಸ್ಸಿನ ಅರ್ಧವೇ ಕಾಣುವುದು, ಹೋಗಿ ಬನ್ನಿ’ ಎಂದು ನಮ್ಮನ್ನು ಸಾಗಹಾಕುತ್ತಿದ್ದರು.

ಹಾಗೆ ಹೋದ ಕಡೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅಫೇಸಿಯಾ, ಅಂದರೆ ಮಿದುಳಿಗೆ ಪೆಟ್ಟು ಬಿದ್ದಾಗ ಅಥವಾ ಲಕ್ವ ಹೊಡೆದಾಗ ಭಾಷೆ ಕೈಕೊಡುವ ಸ್ಥಿತಿ. 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ, ‘ಟಾನ್’ ಎಂಬ ಒಂದೇ ಉಚ್ಚಾರ ಉಳಿದಿದ್ದ ರೋಗಿಯ ಮಿದುಳನ್ನು ಆತನ ಮರಣಾನಂತರ ಪರೀಕ್ಷಿಸಿ, ಎಡ ಮುಂಭಾಗದ ಹಾನಿಯನ್ನು ಮಾತಿನ ನಷ್ಟಕ್ಕೆ ಸಂಬಂಧಿಸಿದ್ದು, 1874ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ನಿರರ್ಗಳವಾಗಿ ಮಾತಾಡಿಯೂ ಅರ್ಥ ಗ್ರಹಿಸಲಾರದವರನ್ನು ವಿವರಿಸಿದ್ದು ಪಠ್ಯಪುಸ್ತಕದಿಂದ ನಮಗೆ ಗೊತ್ತಿತ್ತು. ಆದರೆ ಪುಸ್ತಕದ ಉದಾಹರಣೆಗಳೆಲ್ಲ ಇಂಗ್ಲಿಷಿನವು. ಬ್ರೋಕಾ ಬಗೆಯ ಅಫೇಸಿಯಾದಲ್ಲಿ ರೋಗಿ ಪ್ರತ್ಯಯಗಳನ್ನು ಬಿಟ್ಟು ಮಾತಾಡುತ್ತಾನೆ ಎಂದು ಅಲ್ಲಿ ಬರೆದಿತ್ತು. ‘ಅಂಗಡಿಗೆ’ ಎನ್ನುವಲ್ಲಿ ಪ್ರತ್ಯಯ ಬಿದ್ದರೆ ‘ಅಂಗಡಿ’ ಉಳಿಯುತ್ತದೆ, ಸರಿ. ‘ಬಂದಳು’ ಎನ್ನುವಲ್ಲಿ ಏನು ಉಳಿಯಬೇಕು? ಭೂತಕಾಲದ ‘ಬಂದ್’ ತಾನಾಗಿಯೇ ನಿಲ್ಲುವ ಮಾತಲ್ಲ, ‘ಬಾ’ ಎಂದರೆ ಅದು ಆಜ್ಞೆಯಾಗುತ್ತದೆ. ಹೀಗಾಗಿ ಕನ್ನಡಿಗ ರೋಗಿ ಕ್ರಿಯಾಪದದ ತುದಿಯನ್ನು ಬಿಡುವ ಬದಲು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು, ಮಗಳ ವಿಷಯ ಹೇಳುವಾಗ ‘ಬಂದ’ ಎನ್ನಬಹುದು. ಕೆಟ್ಟದ್ದು ಲಿಂಗದ ಅರಿವೋ, ವ್ಯಾಕರಣವೋ, ಅಥವಾ ತಕ್ಕ ರೂಪವನ್ನು ಹುಡುಕಿ ತೆಗೆಯುವ ವೇಗವೋ?

ಈ ಒಂದು ಪ್ರಶ್ನೆಯ ಸುತ್ತ ಕೂತ ವಿಚಾರಗೋಷ್ಠಿಗಳೇ ನನ್ನ ನಿಜವಾದ ಶಿಕ್ಷಣ. ಭಾಷಾವಿಜ್ಞಾನಿಗಳಿಗೆ ರೋಗಿಯ ಮಾತಿನ ಪ್ರತಿ ತಡವರಿಕೆಯೂ ಬರಹದಲ್ಲಿ ಬೇಕು, ಒಬ್ಬನೇ ರೋಗಿಯಾದರೂ ಅವರಿಗೆ ಸಾಕು. ನಮ್ಮವರು, ಅಂದರೆ ಮನೋವಿಜ್ಞಾನದವರು, ಒಬ್ಬನಿಂದ ಏನನ್ನೂ ಹೇಳಲಾಗದು, ಗುಂಪು ಬೇಕು, ಸರಾಸರಿ ಬೇಕು ಎನ್ನುತ್ತಿದ್ದರು. ವಾಕ್ ಚಿಕಿತ್ಸಕಿಯೊಬ್ಬರು ಇಬ್ಬರ ವಾದವನ್ನೂ ಕೇಳಿ, ‘ಆ ರೋಗಿ ಮಂಗಳವಾರ ಮತ್ತೆ ಬರುತ್ತಾರೆ, ಅಂದು ನಾನು ಏನು ಅಭ್ಯಾಸ ಮಾಡಿಸಲಿ, ಅದನ್ನು ಹೇಳಿ’ ಎಂದರು. ಯಾರೂ ಮಾತಾಡಲಿಲ್ಲ. ಅಂತರಶಿಸ್ತೀಯ ಸಂಶೋಧನೆ ಎಂಬ ಹೆಸರಿನಲ್ಲಿ ಬೇರೆಬೇರೆ ವಿಭಾಗದವರು ಒಂದೇ ವೇದಿಕೆಯಲ್ಲಿ ಸಾಲಾಗಿ ಕೂತು, ತಮ್ಮ ತಮ್ಮ ಪ್ರಬಂಧ ಓದಿ, ಊಟ ಮಾಡಿ ಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇನ್ನೊಬ್ಬರು ಯಾವುದನ್ನು ಪುರಾವೆಯೆಂದು ಒಪ್ಪುತ್ತಾರೆ, ಯಾಕೆ ಒಪ್ಪುತ್ತಾರೆ ಎಂಬುದನ್ನು ತಿಳಿಯದ ಹೊರತು ಆ ಕೆಲಸ ಶುರುವಾಗುವುದೇ ಇಲ್ಲ ಎಂಬುದು ನನಗೆ ಆ ಮೌನದಲ್ಲಿ ಹೊಳೆಯಿತು.

ಎರಡು ಭಾಷೆಯವರ ವಿಷಯ ಇನ್ನೂ ಜಟಿಲ. ಲಕ್ವದ ನಂತರ ಮೊದಲು ಕಲಿತ ಭಾಷೆ ಉಳಿಯುತ್ತದೆ ಎಂಬ ವಾದ ಫ್ರಾನ್ಸಿನ ಮನೋವಿಜ್ಞಾನಿ ರಿಬೋ ಅವರ ಹೆಸರಿನಲ್ಲಿದೆ. ಕಾಯಿಲೆಗೆ ಮುಂಚೆ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಎಂದು 1895ರಲ್ಲಿ ಅದೇ ದೇಶದ ವೈದ್ಯ ಪಿತ್ರ್ ವಾದಿಸಿದರು. ಮನೆಯಲ್ಲಿ ಉರ್ದು, ದೇವರಾಜ ಮಾರುಕಟ್ಟೆಯಲ್ಲಿ ಕನ್ನಡ, ನೆಂಟರಲ್ಲಿ ಅಷ್ಟಿಷ್ಟು ತಮಿಳು ಆಡುವ ಮೈಸೂರಿನ ವ್ಯಾಪಾರಿಗೆ ಇವೆರಡರಲ್ಲಿ ಯಾವುದೂ ಪೂರ್ತಿ ಒಪ್ಪುವುದಿಲ್ಲ. ಎಷ್ಟೋ ಜನರಲ್ಲಿ ಭಾಷೆಗಳು ಒಟ್ಟಿಗೇ ಮರಳುತ್ತವೆ, ಕೆಲವರಲ್ಲಿ ಒಂದು ಮಾತ್ರ, ಇನ್ನು ಕೆಲವರಲ್ಲಿ ಬೇಡವೆಂದರೂ ಎರಡು ಬೆರೆತು ಬರುತ್ತವೆ.

ಇಂದು ನಾನು ಪಾರ್ಶ್ವವಾಯು ಪೀಡಿತರ ಪುನರ್ವಸತಿಯ ಕೆಲಸದಲ್ಲಿದ್ದೇನೆ. ‘ಅಪ್ಪನ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಬೇಕು, ಸಾರ್?’ ಎಂದು ಮನೆಯವರು ಈಗಲೂ ಕೇಳುತ್ತಾರೆ. ಮಿದುಳಿನ ಚಿತ್ರದಲ್ಲಿ ಗಾಯ ಎಲ್ಲಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ, ಈ ಪ್ರಶ್ನೆಗೆ ಉತ್ತರ ಅಲ್ಲಿಲ್ಲ. ಯಾರೊಡನೆ, ಯಾವ ಕೆಲಸಕ್ಕೆ ಯಾವ ಭಾಷೆ ನಡೆಯುತ್ತಿತ್ತು, ಪತ್ರಿಕೆ ಯಾವ ಭಾಷೆಯದು ಬರುತ್ತಿತ್ತು, ಲೆಕ್ಕ ಯಾವುದರಲ್ಲಿ ಮಾಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಈಗ ಅವರು ಯಾವ ಮಾತಿಗೆ ಯಾವ ಭಾಷೆಯಲ್ಲಿ ಉತ್ತರಿಸಲು ಹೆಣಗುತ್ತಾರೆ ಎಂಬುದನ್ನು ಒಂದು ವಾರ ಟಿಪ್ಪಣಿ ಮಾಡಿ ತರುವಂತೆ ಮನೆಯವರಿಗೆ ಹೇಳುತ್ತೇನೆ, ಚಿಕಿತ್ಸೆಯನ್ನು ಆ ಟಿಪ್ಪಣಿಯಿಂದ ಆರಂಭಿಸುತ್ತೇವೆ.