ಭತ್ತದ ಗೇಟಿನಲ್ಲಿ ಬಾಯಿ ತೆರೆಯುವ ಮೊದಲು

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಇಳಿಸಿಕೊಳ್ಳುವ ಕೆಲಸ ನನ್ನ ಉಸ್ತುವಾರಿಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ನವೆಂಬರ್, ಡಿಸೆಂಬರಿನಲ್ಲಿ ಒಮ್ಮೆಲೇ ಕೊಯ್ಲಿಗೆ ಬರುತ್ತದೆ. ಆಗ ತೂಕ ಮಾಡುವವರು, ತೇವ ನೋಡುವ ಹುಡುಗ, ಹಮಾಲರ ಮೇಸ್ತ್ರಿ, ಡ್ರೈಯರ್ ಆಪರೇಟರ್, ಗುಮಾಸ್ತರು ಎಲ್ಲರೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಕೆಲಸ ಮಾಡಬೇಕು.

ಮಾತು ಕಡಿಮೆಯಾಗಿ ಕೆಲಸ ಕೆಟ್ಟದ್ದನ್ನು ನಾನು ನೋಡಿದ್ದು ಅಪರೂಪ. ವಾಟ್ಸಾಪ್ ಗುಂಪಿನಲ್ಲಿ ದಿನವಿಡೀ ಮೆಸೇಜು ಬೀಳುತ್ತಲೇ ಇರುತ್ತವೆ. ಕೆಡುವುದು ಹೀಗೆ: "ಈ ಲೋಡಿನ ತೇವ ಸ್ವಲ್ಪ ನೋಡ್ಕೊಳ್ರಿ" ಎಂದು ಆಫೀಸಿನಿಂದ ಹೇಳುತ್ತಾರೆ. ಹುಡುಗ ಮೀಟರ್‌ನಲ್ಲಿ ನೋಡಿ 19 ಎಂದು ಬರೆದುಕೊಳ್ಳುತ್ತಾನೆ. ಮೇಸ್ತ್ರಿ ಚೀಲ ಇಳಿಸಿಬಿಡುತ್ತಾನೆ. ನೋಡು ಅಂದರು, ಹುಡುಗ ನೋಡಿದ; ಅವನ ತಪ್ಪೇನಿದೆ? ಸರ್ಕಾರದ ಬೆಂಬಲ ಬೆಲೆ ಖರೀದಿಯಲ್ಲೇ ಭತ್ತದ ತೇವಕ್ಕೆ ಮಿತಿ ಶೇ. 17. ಹಸಿ ಭತ್ತ ಒಣ ರಾಶಿಗೆ ಬೆರೆತರೆ ರಾಶಿ ಒಳಗೊಳಗೇ ಬಿಸಿಯಾಗುತ್ತದೆ, ಅಕ್ಕಿ ಹಳದಿಗೆ ತಿರುಗುತ್ತದೆ, ಗಿರಣಿಗೆ ಹಾಕಿದಾಗ ನುಚ್ಚು ಹೆಚ್ಚಾಗುತ್ತದೆ.

ಆದ್ದರಿಂದ ಹೇಳುವ ಮೊದಲೇ ನಾನು ಒಂದನ್ನು ತೀರ್ಮಾನಿಸಿಕೊಳ್ಳುತ್ತೇನೆ: ಇದನ್ನು ಕೇಳಿದವರು ಈಗ ಏನು ಮಾಡಬೇಕು? "17ಕ್ಕಿಂತ ಮ್ಯಾಲೆ ಬಂದ್ರ ಇಳಸಬ್ಯಾಡ್ರಿ, ಗಾಡಿ ಬದಿಗೆ ನಿಲ್ಲಿಸಿ ನನಗ ಫೋನ್ ಮಾಡ್ರಿ." ಇಷ್ಟು ಹೇಳಿದರೆ ಹುಡುಗನಿಗೂ ಧೈರ್ಯ, ಮೇಸ್ತ್ರಿಗೂ ಗೊಂದಲವಿಲ್ಲ. ಬರೀ ತಿಳಿದಿರಲಿ ಎಂದು ಹಾಕುವ ಮೆಸೇಜಿದ್ದರೆ ಅದನ್ನೂ ಹಾಗೆಂದೇ ಬರೆಯುತ್ತೇನೆ.

ಮೇಲಿನವರ ಜೊತೆಗೂ ಇದೇ. "ಸಾವ್ಕಾರ್ರ, ಡ್ರೈಯರ್ ತುಂಬೈತ್ರಿ" ಎಂದರೆ "ಹೂಂ" ಎಂಬ ಉತ್ತರ ಬರುತ್ತದೆ, ಗಾಡಿಗಳು ಅಲ್ಲೇ ನಿಂತಿರುತ್ತವೆ. ಅವರಿಂದ ಬೇಕಾದದ್ದು ತೀರ್ಮಾನ. "ಹೊರಗಿನ ಲೋಡು ಕಣದಾಗ ಹಾಕಸ್ಲೋ, ನಾಳೆ ಬರ್ರಿ ಅನ್ಲೋ? ಹೊತ್ತು ಮುಳುಗೋದ್ರೊಳಗ ಹೇಳ್ರಿ" ಎಂದು ಕೇಳಿದರೆ ಐದೇ ನಿಮಿಷದಲ್ಲಿ ಹೇಳುತ್ತಾರೆ.

ಇದೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ರೈತರ ಜೊತೆಗಿನ ಮಾತು. ರಾತ್ರಿಯೆಲ್ಲ ಟ್ರ್ಯಾಕ್ಟರ್ ಮೇಲೆ ಕೂತು ಕಾದವರಿಗೆ "ತೇವ ಜಾಸ್ತಿ ಐತ್ರಿ" ಎಂದಷ್ಟೇ ಹೇಳಿ ಸುಮ್ಮನಾಗುವುದು ಅನ್ಯಾಯ. ಆ ಮನುಷ್ಯ ಆಗ ಮುಂದೇನು ಮಾಡಬೇಕೆಂದು ಯೋಚಿಸುತ್ತಿರುತ್ತಾನೆ. ಮೀಟರನ್ನು ಅವರ ಕಡೆ ತಿರುಗಿಸಿ ಅಂಕಿ ತೋರಿಸಬೇಕು. ಅನುಮಾನ ಬಂದರೆ ಅವರು ತೋರಿಸಿದ ಇನ್ನೊಂದು ಚೀಲದಿಂದ ಮಾದರಿ ತೆಗೆಯಬೇಕು. ಆಮೇಲೆ, "ಯಜಮಾನ್ರ, ಕಣದಾಗ ಒಣಗಿಸಿ ತಂದ್ರ ಪೂರ್ತಿ ರೇಟು, ಈಗ ಇಳಿಸಿದ್ರ ರೇಟಿನಾಗ ಇಷ್ಟು ಕಡಿತ" ಎಂದು ಎರಡು ದಾರಿಯನ್ನೂ, ರೂಪಾಯಿ ಲೆಕ್ಕದ ಸಮೇತ, ಬಿಡಿಸಿ ಹೇಳಬೇಕು. ಯಾವುದು ಆಗಲಿ ಎಂಬುದನ್ನು ಅವರೇ ಹೇಳಲಿ. ಗೇಟಿಗೆ ಹೊಸಬರು ಸೇರಿದಾಗ ಮೀಟರ್ ಹಿಡಿಯುವುದಕ್ಕಿಂತ ಮೊದಲು ಇದನ್ನೇ ಕಲಿಸುತ್ತೇನೆ.