ಹಿತ್ತಲ ಗಿಡ ನೋಡದ ಚಿತ್ರಕಾರ

ಚಿಕ್ಕಮಗಳೂರಲ್ಲಿ ಕೂತು ಪುಸ್ತಕಗಳಿಗೆ ಚಿತ್ರ ಬರೆದು ಬದುಕುತ್ತೇನೆ. ಶುರುವಿನಲ್ಲಿ ಅಂಗಡಿ ಬೋರ್ಡು, ಶಾಲೆ ಗೋಡೆ ಎಲ್ಲ ಬರೆದಿದ್ದೇನೆ. ಈಗ ಮಕ್ಕಳ ಪುಸ್ತಕಗಳೇ ಜಾಸ್ತಿ. ಜಲವರ್ಣ, 300 ಜಿಎಸ್‌ಎಂನ ದಪ್ಪ ಕಾಗದ. ಮಳೆಗಾಲದಲ್ಲಿ ಬಣ್ಣ ಒಣಗೋದೇ ಇಲ್ಲ, ಕಾಗದಕ್ಕೆ ಬೂಷ್ಟು ಬೇರೆ. ಅದರ ಗೋಳು ಇನ್ನೊಮ್ಮೆ.

ಕೆಲವು ವರ್ಷದ ಹಿಂದೆ ಕಾಫಿ ತೋಟದ ಹುಡುಗಿಯೊಬ್ಬಳ ಕಥೆಗೆ ಚಿತ್ರ ಬರೆಯುವ ಕೆಲಸ ಬಂತು. 24 ಪುಟ. ಕಾಫಿ ತಾನೇ, ಹುಟ್ಟಿದಾಗಿಂದ ನೋಡಿದ್ದು, ಅದಕ್ಕೇನು ತೋಟಕ್ಕೆ ಹೋಗೋದು ಅನ್ನಿಸಿತು. ಫೋನಿನಲ್ಲಿ ಒಂದೆರಡು ಫೋಟೊ ಮೇಲೆ ಸುಮ್ನೆ ಕಣ್ಣಾಡಿಸಿ, ಉಳಿದದ್ದನ್ನು ನೆನಪಿನಿಂದ ಬರೆದೆ. ಮುಖಪುಟಕ್ಕೆ ದೊಡ್ಡದೊಂದು ಕೊಂಬೆ, ಕೆಂಪು ಹಣ್ಣು. ನನಗಂತೂ ಬಲು ಇಷ್ಟವಾಯಿತು.

ಪಕ್ಕದ ಮನೆಯ ಹಿರಿಯರು ಕಾಫಿ ಎಸ್ಟೇಟ್ ಒಂದರಲ್ಲಿ ರೈಟರ್, ಅಂದರೆ ಆಳುಕಾಳು, ಲೆಕ್ಕ ನೋಡಿಕೊಳ್ಳುವವರು, ಆಗಿದ್ದವರು. ಬಂದವರು ಚಿತ್ರ ಎತ್ತಿಕೊಂಡು, ಕನ್ನಡಕ ಏರಿಸಿಕೊಂಡು ನೋಡಿದರು.

"ಚೆನ್ನಾಗಿದೆ ಮಾರಾಯ. ಯಾವ ಗಿಡ ಇದು?"

ನಾನು ತಮಾಷೆ ಅಂದುಕೊಂಡೆ. ಅವರು ಏನೂ ಹೇಳದೆ ನಮ್ಮ ಹಿತ್ತಲಿಗೆ ಹೋಗಿ, ಒಂದು ರೆಂಬೆ ಮುರಿದು ತಂದು ಚಿತ್ರದ ಪಕ್ಕ ಇಟ್ಟರು. ಎಲೆಗಳು ಎದುರುಬದುರು, ಜೋಡಿ ಜೋಡಿ. ನಾನು ಮಾವಿನ ಹಾಗೆ ಒಂದು ಆಚೆ, ಒಂದು ಈಚೆ ಬರೆದಿದ್ದೆ. ಹಣ್ಣುಗಳು ಗಿಣ್ಣು ಗಿಣ್ಣಿಗೂ ಎಲೆಯ ಬುಡದಲ್ಲಿ ಒತ್ತೊತ್ತಾಗಿ ಕೂತಿದ್ದವು. ನನ್ನವು ದ್ರಾಕ್ಷಿಯ ಹಾಗೆ ತುದಿಯಲ್ಲಿ ಜೋತಾಡುತ್ತಿದ್ದವು.

ಚಿತ್ರ ಕೊಡಲು ಆರು ದಿನ ಬಾಕಿ. ಮುಖಪುಟ ಸೇರಿ ಐದು ಚಿತ್ರ ಮತ್ತೆ ಬರೆದೆ. ತಪ್ಪು ನನ್ನದೇ, ಪ್ರಕಾಶಕರ ಹತ್ತಿರ ಜಾಸ್ತಿ ದುಡ್ಡು ಕೇಳಲು ಯಾವ ಮುಖ?

ಆಮೇಲಿನಿಂದ ನನ್ನ ಕೊಟೇಶನ್ನಿನಲ್ಲಿ 'ನೋಡುವ ದಿನ' ಅಂತ ಒಂದು ಸಾಲು ಇರುತ್ತೆ. ನೋಡೋದಕ್ಕೂ ದುಡ್ಡಾ ಅಂತ ಕೇಳುವವರಿದ್ದಾರೆ. ಹೌದು ಸ್ವಾಮಿ. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ. ಎರಡು ಮೂರು ದಿನಕ್ಕೆ ಹೂ ಬಾಡಿ ಕಂದುಬಣ್ಣ. ಆ ಬೆಳಗ್ಗೆ ತಪ್ಪಿಸಿಕೊಂಡರೆ ಮುಂದಿನ ವರ್ಷದವರೆಗೆ ಕಾಯಬೇಕು. ಚೌಕಾಸಿ ಮಾಡಿದರೆ ಒಂದು ಚಿತ್ರ ಕಡಿಮೆ ಮಾಡುತ್ತೇನೆ, ನೋಡುವ ದಿನ ಬಿಡೋದಿಲ್ಲ. ಇದರಿಂದ ಒಂದೆರಡು ಕೆಲಸ ಕೈತಪ್ಪಿದ್ದೂ ಇದೆ.

ಬೇಸರವಾದಾಗ ಬೇಲೂರಿನ ಬಸ್ಸು ಹತ್ತುತ್ತೇನೆ. ಚೆನ್ನಕೇಶವ ದೇವಸ್ಥಾನದ ಒಂದು ಮದನಿಕೆಯ ತಲೆ ಮೇಲಿನ ಚಪ್ಪರದಲ್ಲಿ ಹಲಸಿನ ಹಣ್ಣಿದೆ. ಅದರ ಮೇಲೊಂದು ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ. ದೇವಸ್ಥಾನದ ಪ್ರತಿಷ್ಠೆ ಆದದ್ದು 1117ರಲ್ಲಿ. ಹಲ್ಲಿ ನೋಡುತ್ತಾ ಕೂತ ಹೊತ್ತಿಗೆ ಆ ಶಿಲ್ಪಿಗೆ ಕೂಲಿ ಸಿಕ್ಕಿತ್ತೋ ಇಲ್ಲವೋ!

ಅಂದಹಾಗೆ, ಹೊಸ ಮುಖಪುಟವನ್ನೂ ರೈಟರಿಗೆ ತೋರಿಸಿದ್ದೆ. "ಹೂಂ, ಈಗ ಕಾಫಿ" ಅಂದರು. ಆಮೇಲೆ ಹಣ್ಣುಗಳ ಮೇಲೆ ಬೆರಳಿಟ್ಟು, "ಅರೇಬಿಕಾ ಇಷ್ಟೂ ಒಂದೇ ಸಲಕ್ಕೆ ಹಣ್ಣಾಗೋ ಹಾಗಿದ್ರೆ, ನಾವು ಮೂರ್ಮೂರು ಸಲ ಯಾಕೆ ಕುಯ್ಯಿಸ್ತಿದ್ವಿ?" ಅಂತ ಕೇಳಿದರು.

ಜಲವರ್ಣದಲ್ಲಿ ಕೆಂಪಿನ ಮೇಲೆ ಹಸಿರು ಹಚ್ಚಿದರೆ ಕೊಳೆಬಣ್ಣ. ಮುಖಪುಟ ಮೂರನೇ ಸಲ ಬರೆದೆ.