ಹೂವು ಕಂಡ ಮೇಲೆ ಪಾಕ ಇಟ್ಟಿದ್ದೆ

ನನ್ನ ಹತ್ತಿರ ಇರುವುದು ಹನ್ನೆರಡು ಜೇನುಪೆಟ್ಟಿಗೆ. ದೊಡ್ಡ ಕಸುಬೇನಲ್ಲ. ಆದರೂ ಮೊದಲ ಎರಡು ವರ್ಷ ಇಷ್ಟನ್ನೇ ಸಂಭಾಳಿಸಲು ಆಗಲಿಲ್ಲ. ಏನು ಮಾಡಿದರೂ ಒಂದು ತಿಂಗಳು ತಡ.

ಮೊದಲ ವರ್ಷ ಮರಗಳಲ್ಲಿ ಹೂವು ಬಿರಿದದ್ದು ನೋಡಿ ಖುಷಿಯಿಂದ ಸಕ್ಕರೆ ಪಾಕ ಇಟ್ಟೆ. ಹುಳು ಹೆಚ್ಚಲಿ, ಜಾಸ್ತಿ ಜೇನುತುಪ್ಪ ತರಲಿ ಅಂತ. ಪೆಟ್ಟಿಗೆ ತುಂಬಿತು ನಿಜ. ತುಂಬುವ ಹೊತ್ತಿಗೆ ಹೂವೇ ಮುಗಿದಿತ್ತು. ಅಷ್ಟು ಬಾಯಿಗೆ ಕೂಡಿಟ್ಟ ತುಪ್ಪವೂ ಸಾಲಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ರಾಣಿ ಇಟ್ಟ ಮೊಟ್ಟೆ ಕೆಲಸಗಾರ ಹುಳುವಾಗಿ ಹೊರಬರಲು ಸುಮಾರು 21 ದಿನ. ಬಂದ ಕೂಡಲೇ ಅದು ಹೂವಿಗೆ ಹಾರುವುದಿಲ್ಲ. ಕೋಶ ಗುಡಿಸಬೇಕು, ಮರಿಗೆ ಉಣಿಸಬೇಕು, ಎರಿ, ಅಂದರೆ ಮೇಣದ ಕೋಶಗಳ ಹಲ್ಲೆ, ಕಟ್ಟಬೇಕು, ಬಾಗಿಲು ಕಾಯಬೇಕು. ಅದಕ್ಕೆ ಇನ್ನೆರಡು ಮೂರು ವಾರ. ಅಂದರೆ ಇವತ್ತು ಹೂವಿನ ಮೇಲಿರುವ ಹುಳುವಿನ ಮೊಟ್ಟೆ ಬಿದ್ದದ್ದು ಹೆಚ್ಚುಕಮ್ಮಿ 40 ದಿನದ ಹಿಂದೆ! ಈಗ ಹೂವಿನ ಕಾಲಕ್ಕೆ ಆರೇಳು ವಾರ ಇರುವಾಗಲೇ ತೆಳು ಪಾಕ ಶುರು ಮಾಡುತ್ತೇನೆ. ಸಕ್ಕರೆ ಎಷ್ಟೋ ನೀರೂ ಅಷ್ಟೇ. ತುಪ್ಪ ಕೂಡಿಡಲು ಪೆಟ್ಟಿಗೆಯ ಮೇಲಿಡುವ ತುಪ್ಪದ ಕೋಣೆ ಏರಿಸುವ ಮೊದಲು ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಎರಿಯಲ್ಲಿ ಸಿಗುವುದು ನಾನೇ ಇಟ್ಟ ಸಕ್ಕರೆ, ಅಲ್ವಾ?

ಪೆಟ್ಟಿಗೆ ಬಲವಾದರೆ ಇನ್ನೊಂದು ತಲೆನೋವು, ಪಾಲಾಗುವುದು. ಜಾಗ ಸಾಲದೆ ಹೋದರೆ ಹಳೆ ರಾಣಿ ಅರ್ಧದಷ್ಟು ಹುಳು ಕಟ್ಟಿಕೊಂಡು ಹೊರಟುಬಿಡುತ್ತದೆ. ಎರಿಯ ಅಂಚಿನಲ್ಲಿ ಕಡಲೆಕಾಯಿಯಂತೆ ರಾಣಿ ಕೋಶ ಜೋತಿದ್ದರೆ ತಯಾರಿ ನಡೆದಿದೆ ಅಂತಲೇ ಅರ್ಥ. ಮೊಟ್ಟೆಯಿಟ್ಟ ಎಂಟೊಂಬತ್ತು ದಿನಕ್ಕೆ ಆ ಕೋಶಕ್ಕೆ ಮುಚ್ಚಳ ಬೀಳುತ್ತದೆ. ಪಾಲು ಹೊರಡುವುದೂ ಆ ಹೊತ್ತಿಗೇ. ಹಾಗಾಗಿ ಆ ದಿನಗಳಲ್ಲಿ ವಾರಕ್ಕೊಮ್ಮೆ ಎರಿ ಎತ್ತಿ ನೋಡಲೇಬೇಕು. ಹತ್ತು ದಿನ ಬಿಟ್ಟು ನೋಡಿದ ವರ್ಷ ಎರಡು ಪಾಲು ಹಾರಿದವು. ಒಂದು ಕೊಂಬೆಯಲ್ಲಿ ಸಿಕ್ಕಿತು. ಹೊಟ್ಟೆ ತುಂಬ ತುಪ್ಪ ಹೀರಿ ಹೊರಟ ಹುಳು ಕುಟುಕುವುದು ಕಮ್ಮಿ, ಸುಲಭವಾಗಿ ಹಿಡಿದೆ. ಇನ್ನೊಂದು ಎಲ್ಲಿ ಹೋಯಿತೋ.

ತುಪ್ಪ ತೆಗೆಯುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋಶಗಳಿಗೆ ಮೇಣದ ಮುಚ್ಚಳ ಬೀಳುವ ತನಕ ಕಾಯಿರಿ. ಅವಸರ ಮಾಡಿದರೆ ನೀರಿನಂಶ ಉಳಿದು ಹುಳಿಯಾಗುತ್ತದೆ.

ನನಗೆ ಪೆಟ್ಟು ಬಿದ್ದದ್ದು ಅದರ ಮುಂದಿನ ತಿಂಗಳುಗಳಲ್ಲಿ. ಎರಡನೇ ವರ್ಷ ಸಂಸಾರ ಕೋಣೆಯಲ್ಲಿ, ಅಂದರೆ ರಾಣಿ, ಮರಿ ಇರುವ ಕೆಳಗಿನ ಕೋಣೆಯಲ್ಲಿ, ಹುಳು ತಮಗೆಂದು ಇಟ್ಟುಕೊಂಡ ತುಪ್ಪಕ್ಕೂ ಆಸೆಪಟ್ಟೆ. ಹೂವಿಲ್ಲದ ದಿನ ಬಂತು, ಹುಳು ಸೊರಗಿದವು. ಗಾಬರಿಯಲ್ಲಿ ನಡುಮಧ್ಯಾಹ್ನ ಪಾಕ ಇಟ್ಟೆ, ಅದನ್ನೂ ಒಂದಿಷ್ಟು ಚೆಲ್ಲಿದೆ. ವಾಸನೆ ಹಿಡಿದು ಪಕ್ಕದ ಬಲವಾದ ಪೆಟ್ಟಿಗೆಯ ಹುಳು ನುಗ್ಗಿದವು. ಸಂಜೆಗೆ ಬಾಗಿಲ ಮುಂದೆ ಸತ್ತವುಗಳ ರಾಶಿ. ಉಳಿದ ಖಾಲಿ ಎರಿಗೆ ಮೇಣದ ಪತಂಗ ಬಿದ್ದು ಎಲ್ಲ ಬಲೆಬಲೆಯಾಯಿತು. ನನ್ನದೇ ಪೆಟ್ಟಿಗೆಯನ್ನು ನನ್ನದೇ ಹುಳುಗಳಿಂದ ಲೂಟಿ ಮಾಡಿಸಿದ್ದೆ.

ಈಗ ಪಾಕ ಇಡುವುದು ಕತ್ತಲಾಗುವಾಗ, ಬಾಗಿಲು ಕಿರಿದು ಮಾಡಿ. ತೀರಾ ಬಡವಾದ ಕುಟುಂಬ ಇದ್ದರೆ ಅದರ ರಾಣಿಯನ್ನು ತೆಗೆದುಬಿಟ್ಟು, ಆ ಪೆಟ್ಟಿಗೆಯನ್ನು ಇನ್ನೊಂದು ಪೆಟ್ಟಿಗೆಯ ಮೇಲೆ ಕೂರಿಸುತ್ತೇನೆ, ನಡುವೆ ಒಂದು ಹಾಳೆ ನ್ಯೂಸ್‌ಪೇಪರ್. ಎರಡೂ ಕಡೆಯವು ಅದನ್ನು ಕಡಿದು ತೂತು ಮಾಡುವಷ್ಟರಲ್ಲಿ ವಾಸನೆ ಒಂದಾಗಿರುತ್ತದೆ. ಜಗಳ ಇಲ್ಲ.

ಚಳಿಯಲ್ಲಿ ಮುಚ್ಚಳ ಮುಟ್ಟುವುದಿಲ್ಲ. ಮರಿ ಇರುವ ಜಾಗವನ್ನು ಅವು ಸುಮಾರು 35 ಡಿಗ್ರಿಯಲ್ಲಿ ಬೆಚ್ಚಗಿಟ್ಟಿರುತ್ತವೆ. ನಾವು ಕುತೂಹಲಕ್ಕೆ ತೆರೆದರೆ ಮತ್ತೆ ಕಾಯಿಸಲು ಅವು ತುಪ್ಪ ಖರ್ಚು ಮಾಡಬೇಕು. ಅದಕ್ಕೆ ಚಳಿ ಹತ್ತುವ ಮುಂಚೆಯೇ ಪೆಟ್ಟಿಗೆಯ ಹಿಂಭಾಗ ತುಸು ಎತ್ತಿ ತೂಕ ನೋಡುತ್ತೇನೆ. ಭಾರ ಇದ್ದರೆ ಸುಮ್ನೆ ಬರುತ್ತೇನೆ. ಹಗುರ ಅನ್ನಿಸಿದರೆ ಗಟ್ಟಿ ಪಾಕ, ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು.

ನಿನ್ನೆ ಎಲ್ಲವನ್ನೂ ಎತ್ತಿ ನೋಡಿದೆ. ಏಳನೆಯದು ಹಗುರ. ಕತ್ತಲಾಗುವ ಮೊದಲು ಪಾಕ ಕಾಸಬೇಕು.